ಬಿಟ್ಟುಹೋದ ಒಂದು ಫರ್ಲಾಂಗು

"ಯಾವನಲೇ ಅಂವಾ! ದಾರಿಗೆ ಸರಪಳಿ ಹಾಸಿದಂವಾ?"

ಕೊರಕಲಿನ ಎರಡೂ ಗೋಡೆಗೆ ಬಡಿದು ಆ ಕೂಗು ಎರಡು ಸಲ ಕೇಳಿಸಿತು.

ರೇವಪ್ಪ ನೋಟ್‌ಬುಕ್ಕಿನಿಂದ ತಲೆಯೆತ್ತಿದ. ಎದುರಿಗೆ ಜಾಲಿಕಂಟಿಯನ್ನು ಸೀಳಿಕೊಂಡು ಒಂದು ಕರಿಯ ಟಗರು ನುಗ್ಗಿ ಬಂದಿತ್ತು. ಅದರ ಮುಂಗಾಲಿಗೆ ಸರ್ವೆಯ ಸರಪಳಿ ಸುತ್ತಿಕೊಂಡಿತ್ತು. ಟಗರು ಜಗ್ಗಿದಷ್ಟೂ, ಸರಪಳಿಯ ಆ ತುದಿ ಹಿಡಿದಿದ್ದ ಆಳು ಜಕ್ಕಪ್ಪ ಪಾಪಾಸುಕಳ್ಳಿಯ ಕಡೆಗೆ ಜಾರುತ್ತಿದ್ದ.

"ಸಾಹೇಬ್ರ... ಟಗರು ನನ್ನ ಒಯ್ಯಾಕತ್ತೇತಿ!"

ಟಗರಿನ ಹಿಂದೆ ಅರವತ್ತು ಕುರಿಗಳು. ಕುರಿಗಳ ಹಿಂದೆ ಆಕೆ, ತಂಗೆವ್ವ.

ಎಡಗೈಯಲ್ಲಿ ಉಣ್ಣೆ, ಬಲಗೈ ಕೆಳಗೆ ತಿರುಗುತ್ತಿದ್ದ ಕದಿರು. ಕಣ್ಣಲ್ಲಿ ಬೆಂಕಿ. ಆದರೆ ಅಷ್ಟು ಸಿಟ್ಟಿನಲ್ಲೂ ಕದಿರು ನಿಂತಿರಲಿಲ್ಲ... ನೂಲು ಕಡಿದಿರಲಿಲ್ಲ!

"ಸರಕಾರಿ ಅಳತಿ ನಡದೇತ್ರೀ," ಎಂದ ರೇವಪ್ಪ.

"ಸರಕಾರಕ್ಕ ಕಣ್ಣಿಲ್ಲೇನ್ರೀ? ಇದು ಕುರಿ ಇಳಿಯೂ ಹೊತ್ತು!"

"ಈ ದಾರ್‍ಯಾಗ ಯಾರೂ ಅಡ್ಡ್ಯಾಡೂದಿಲ್ಲ ಅಂತ ಕಚೇರಿ ಕಾಗದದಾಗ ಐತಿ."

"ಹಂಗಾದ್ರ ನಾ ಯಾರು? ಇವು ಏನು? ಅದನ್ನೂ ಬರಕೋರಿ ನಿಮ್ಮ ಕಾಗದದಾಗ!"

ರೇವಪ್ಪ ನಿಜವಾಗಿಯೂ ಪೆನ್ಸಿಲ್ ತೆಗೆದು ಬರೆದುಕೊಂಡ. ತಾರೀಖು, ಗಂಟೆ, ಕುರಿ. ಆಮೇಲೆ ನೋಟ್‌ಬುಕ್ಕು ಕೆಳಗಿಟ್ಟು ಟಗರಿನ ಮುಂದೆ ಮಂಡಿಯೂರಿದ. ಜಗ್ಗಲಿಲ್ಲ. ಒಂದೊಂದೇ ಕೊಂಡಿ ಬಿಡಿಸಿದ. ಕಾಲು ತರಚಿದ ಕಡೆ ತನ್ನ ಕರವಸ್ತ್ರ ಕಟ್ಟಿದ. ಎಲ್ಲ ಮುಗಿದ ಮೇಲಷ್ಟೇ ಸರಪಳಿಯ ಕೊಂಡಿಗಳನ್ನು ನೋಡಿದ.

ಮೊದಲು ಕಾಲು... ಆಮೇಲೆ ಸರಪಳಿ.

ತಂಗೆವ್ವ ಅದನ್ನು ಗಮನಿಸಿದಳು. ಬೈಯಲು ತೆರೆದ ಬಾಯಿ ಮುಚ್ಚಿಕೊಂಡಳು.

ಅದು ೧೯೫೪ರ ಡಿಸೆಂಬರ್ ಆರು, ಸೋಮವಾರ. ಬೆಳಗಿನ ಹನ್ನೊಂದು ಗಂಟೆ ಹತ್ತು ನಿಮಿಷ.

*

ಆ ದಾರಿಯನ್ನು ಸುತ್ತಿನ ಜನ ಇಂದಿಗೂ ರೇಲದಾರಿ ಎನ್ನುತ್ತಿದ್ದರು. ಸಂಸ್ಥಾನದ ಕಾಲದಲ್ಲಿ ಬೀರನಹಟ್ಟಿಯ ಹಿಂದಿನ ಗುಡ್ಡದಲ್ಲಿ ಕಲ್ಲುಗಣಿ ಇತ್ತು. ಅಲ್ಲಿಂದ ಲೋಕಾಪುರದ ದೊಡ್ಡ ರಸ್ತೆಯವರೆಗೆ ಎರಡಡಿ ಅಗಲದ ಸಣ್ಣ ಹಳಿ. ಕಲ್ಲು ತುಂಬಿದ ಗಾಡಿಗಳು ತಮ್ಮ ಭಾರಕ್ಕೇ ಇಳಿಯುತ್ತಿದ್ದವು. ಖಾಲಿ ಗಾಡಿಗಳನ್ನು ಎತ್ತುಗಳು ಮೇಲೆ ಎಳೆಯುತ್ತಿದ್ದವು. ಗಣಿ ೧೯೩೬ರಲ್ಲಿ ನಿಂತಿತು. ಯುದ್ಧದ ಕಾಲಕ್ಕೆ ಕಬ್ಬಿಣಕ್ಕೆ ಗಿರಾಕಿ ಬಂದು ಹಳಿಗಳೂ ಹೋದವು.

ಉಳಿದದ್ದು ಮಣ್ಣಿನ ಏರಿ, ಗುಡ್ಡ ಸೀಳಿದ ಕೊರಕಲು, ಹಳ್ಳದ ಮೇಲೊಂದು ಕಲ್ಲಿನ ಸೇತುವೆ. ಹದಿನೆಂಟು ವರ್ಷಗಳಲ್ಲಿ ಜಾಲಿ, ಬಾರಿ, ಕಾರಿಮುಳ್ಳು, ಕಳ್ಳಿ ಎಲ್ಲವನ್ನೂ ಮುಚ್ಚಿದ್ದವು. ಕುರಿಗಳು ತಲೆ ತೂರಿಸಿದಷ್ಟೇ ದಾರಿ.

ಈಗ ಹಟ್ಟಿಗೆ ರಸ್ತೆ ಬರುವುದಿತ್ತು. ರೇಲದಾರಿಯ ಮೇಲೆ ಬಂದರೆ ಅದು ಹಟ್ಟಿಯ ಬಾಗಿಲಿಗೇ ಬರುತ್ತಿತ್ತು. ಗುಡ್ಡದ ಆ ಬದಿಯ ಬಂಡಿದಾರಿಗೆ ಹೋದರೆ, ಹಟ್ಟಿಗೂ ರಸ್ತೆಗೂ ನಡುವೆ ಗುಡ್ಡ. ಕಚೇರಿಯ ಸೂಚನೆ ಒಂದೇ ಸಾಲಿನದು: ಎರಡರಲ್ಲಿ ಯಾವುದರ ಉದ್ದ ಕಡಿಮೆಯೋ ಅದಕ್ಕೆ. ಬಂಡಿದಾರಿಯನ್ನು ಬೇರೆಯವರು ಅಳೆದು ಮುಗಿಸಿದ್ದರು. ಎಂಟು ಮೈಲಿ, ಅಂದರೆ ಅರವತ್ತನಾಲ್ಕು ಫರ್ಲಾಂಗು.

ರೇಲದಾರಿ ರೇವಪ್ಪನ ಪಾಲಿಗೆ ಬಂದಿತ್ತು. ರಬಕವಿಯ ಕಂಬಳಿ ನೇಯುವ ಮನೆತನದ ಹುಡುಗ, ವಯಸ್ಸು ಇಪ್ಪತ್ತಾರು, ಜಮಖಂಡಿಯ ರಸ್ತೆ ಕಚೇರಿಯಲ್ಲಿ ಐದು ವರ್ಷದ ನೌಕರಿ.

ಆ ಸಂಜೆ ಅವನು ಹಟ್ಟಿಗೆ ಬಂದಾಗ ತಂಗೆವ್ವನ ಅಪ್ಪ ಧರೆಪ್ಪ ಹೊಸ್ತಿಲ ಮೇಲೆ ಕುಳಿತಿದ್ದ. ಆ ಹೊಸ್ತಿಲು ಹಳಿಯ ಕೆಳಗಿದ್ದ ಅಡ್ಡಮರದ್ದು. ಧರೆಪ್ಪ ಗಾಡಿಗಳ ಬ್ರೇಕು ಹಿಡಿಯುತ್ತಿದ್ದವ. ಕಲ್ಲಿನ ಧೂಳು, ಆಮೇಲೆ ಮುಪ್ಪು... ಈಗ ಎರಡೂ ಕಣ್ಣು ಇರಲಿಲ್ಲ.

"ಅಪ್ಪಾ, ಇವ್ರೇ ನೋಡು. ನಮ್ಮ ಟಗರಿಗೆ ಬೇಡಿ ಹಾಕಿದವರು."

"ಬರ್‍ರಿ ಸಾಹೇಬ್ರ. ನನ್ನ ಲೈನ್ ಅಳ್ಯಾಕತ್ತೀರಂತಲ್ಲ? ಸೇತುವಿ ಹೆಂಗ ಐತ್ರೀ?"

"ಒಂದ ಕಲ್ಲೂ ಸರದಿಲ್ಲ, ಕಾಕಾ."

ಮುದುಕನ ಮುಖ ಅರಳಿತು.

ಆಗ ರೇವಪ್ಪ ಒಂದು ಸಂಗತಿ ನೋಡಿದ. ತಂಗೆವ್ವ ಆ ದಿನ ನೂತ ಕರಿಯ ನೂಲಿನ ಉಂಡೆಯನ್ನು ಅಪ್ಪನ ಕೈಗಿಟ್ಟಳು. ಮುದುಕ ಅದನ್ನು ಬಿಚ್ಚುತ್ತ, ಬೆರಳಿನಲ್ಲಿ ಸವರುತ್ತ ಹೋದ. ಒಂದು ಕಡೆ ಎರಡು ಗಂಟು ಸಿಕ್ಕವು.

"ಬೇವಿನ ಗಿಡ ಬಂತು. ಇಲ್ಲೇ ನಾವು ಗಾಡಿ ತರಬಿ ನೀರ ಕುಡಿತಿದ್ವಿ."

ಇನ್ನೂ ಸವರಿದ. ಒಂದು ಗಂಟು.

"ಸೇತುವಿ."

ಇನ್ನೂ. ಮೂರು ಗಂಟು.

"ಕೊರಕಲು. ಇನ್ನ ಮನಿ ಬಂತು."

ಕುರಿ ಹಿಂದಿರುಗಿಸುವಾಗ ತಂಗೆವ್ವ ನಡೆಯುತ್ತ ನೂಲುತ್ತಿದ್ದಳು. ಒಂದೊಂದು ಗುರುತು ಬಂದಾಗ ಗಂಟು ಹಾಕುತ್ತಿದ್ದಳು. ಕಣ್ಣಿಲ್ಲದ ಅಪ್ಪ ದಿನವೂ ಸಂಜೆ ಆ ನೂಲು ಹಿಡಿದು ತನ್ನ ಲೈನಿನ ಮೇಲೆ ಹೋಗಿಬರುತ್ತಿದ್ದ.

ರೇವಪ್ಪ ಆ ನೂಲನ್ನೇ ನೋಡಿದ. 'ಕಣ್ಣಿಲ್ಲದವನ ಸಲುವಾಗಿ ದಾರಿಯನ್ನೇ ನೂತು ತರತಾಳ...!'

*

ಅಳತೆ ಮುಗಿಯಿತು. ಆದರೆ ದಾರಿಯ ಮೇಲೆ ಏನೇನಿದೆ ಎಂಬ ಪಟ್ಟಿ ಬೇಕಿತ್ತು. ಎಷ್ಟು ಮರ, ಎಲ್ಲಿ ಮೋರಿ, ಎಲ್ಲಿ ಏರಿ ಕುಸಿದಿದೆ? ಕಂಟಿಯೊಳಗೆ ಅಡಗಿದ್ದನ್ನು ತೋರಿಸಲು ತಂಗೆವ್ವನೇ ಆಗಬೇಕು ಎಂದ ಧರೆಪ್ಪ. ಜೊತೆಗೆ ಅವನ ತಂಗಿ ಅನಸವ್ವ. ಅವಳ ಕೈಯಲ್ಲಿ ಕುಡಗೋಲು. ನಾಲಗೆ ಅದಕ್ಕಿಂತ ಹರಿತ.

"ಸಾಹೇಬ್ರ, ನೀವು ನೋಡೂದು ಗಿಡ ಅಷ್ಟ. ತಿಳೀತಿಲ್ಲೋ?"

"ತಿಳೀತವ್ವ."

"ಜಕ್ಕಪ್ಪಾ, ನೀ ಅವರನ್ನ ನೋಡು. ನಾ ಇಕೀನ್ನ ನೋಡತೇನಿ."

ಆರು ದಿನ ಅವರು ಆ ದಾರಿಯಲ್ಲಿ ನಡೆದರು.

ಅನಸವ್ವ ಮುಂದೆ ಮುಳ್ಳು ಕಡಿಯುತ್ತಿದ್ದಳು. ಕಂಟಿ ಸರಿದಲ್ಲೆಲ್ಲ ಹಳೆಯ ಲೈನು ಇಣುಕುತ್ತಿತ್ತು. ಒಂದು ಕಡೆ ಗೆದ್ದಲೂ ಮುಟ್ಟದ ಅಡ್ಡಮರಗಳ ಸಾಲು. ಇನ್ನೊಂದು ಕಡೆ ಏರಿಯ ನಡುವೆಯೇ ಹುಟ್ಟಿ ಆಳೆತ್ತರ ಬೆಳೆದ ಬಾರಿಗಿಡ, ಮೈತುಂಬ ಹಣ್ಣು. ಹೂಬಿಟ್ಟ ಆವರಿಕೆಯ ಹಳದಿಯಲ್ಲಿ ಮೊಣಕಾಲು ಮುಳುಗುತ್ತಿತ್ತು. ಕಾಲಿಗೆ ಸಿಕ್ಕ ತುಕ್ಕು ಹಿಡಿದ ಮೊಳೆಯನ್ನು ರೇವಪ್ಪ ಎತ್ತಿ, ನೋಡಿ, ಬರೆದುಕೊಂಡು, ಇದ್ದಲ್ಲಿಯೇ ಇಟ್ಟ.

"ಮಳೀನೂ ಬರೀತೀರಿ?" ತಂಗೆವ್ವ ನಕ್ಕಳು.

"ಇದ್ದದ್ದ ಬರೀಬೇಕಲ್ರೀ."

"ಇಲ್ಲದ್ದು?"

"ಇಲ್ಲದ್ದು ಬರದ್ರ ಅದು ಅಳತಿ ಅಲ್ಲ."

ಹಳ್ಳದ ಬಳಿ ಕುಸಿದ ಏರಿಯನ್ನು ಅವನು ಮೂರು ಸಲ ಅಳೆದ. ಎರಡನೆಯ ಸಲಕ್ಕೂ ಮೊದಲನೆಯದಕ್ಕೂ ಅರ್ಧ ಅಡಿ ವ್ಯತ್ಯಾಸ ಬಂದಿತ್ತು, ಅದಕ್ಕೆ. ಜಕ್ಕಪ್ಪ ಗೊಣಗಿದ. ತಂಗೆವ್ವ ಗೊಣಗಲಿಲ್ಲ. ಬಂಡೆಯ ಮೇಲೆ ಕುಳಿತು ಅವನ ಕೈಗಳನ್ನೇ ನೋಡಿದಳು. ಎಷ್ಟು ಜೋಪಾನದ ಕೈ... 'ಅರ್ಧ ಅಡಿ ಸುಳ್ಳನ್ನೂ ಸಹಿಸದ ಮನುಷ್ಯಾ! ಇಂಥವರ ಕೂಡ ಬಾಳೂದು ತ್ರಾಸೋ... ಸುಖಾನೋ?'

ಆ ಯೋಚನೆ ಬಂದದ್ದಕ್ಕೇ ಅವಳ ಕಿವಿ ಕೆಂಪಾಯಿತು.

"ಯಾಕಬೇ, ಮಾರಿ ಕೆಂಪಾತು?" ಅನಸವ್ವ ಕುಡಗೋಲು ನಿಲ್ಲಿಸಿ ಕೇಳಿದಳು.

"ಬಿಸಲತ್ತಿ, ಬಿಸಲು."

"ನಾ ಜಾಲಿ ನೆಳ್ಳಾಗ ನಿಂತೇನಿ, ನೀನೂ ಅಲ್ಲೇ ಕುಂತಿ. ನನಗ ಬೀಳದ ಬಿಸಲು ನಿನಗ ಹೆಂಗ ಬಿತ್ತಬೇ?"

ರೇವಪ್ಪ ತಲೆ ತಗ್ಗಿಸಿ ಏನೋ ಬರೆದ. ಆ ಹೊತ್ತಿಗೆ ಬರೆಯುವಂಥದ್ದೇನೂ ಅಲ್ಲಿರಲಿಲ್ಲ.

*

ಡಿಸೆಂಬರ್ ಹತ್ತೊಂಬತ್ತು, ಭಾನುವಾರ ಸಂಜೆ. ರೇವಪ್ಪ ಹೊಸ್ತಿಲ ಬಳಿ ಕುಳಿತು ಲೆಕ್ಕ ಕೂಡಿಸಿ ಮುಗಿಸಿದ.

"ಕಾಕಾ, ಏಳು ಮೈಲಿ ಏಳೂವರಿ ಫರ್ಲಾಂಗ! ಬಂಡಿದಾರಿಗಿಂತ ಅರ್ಧ ಫರ್ಲಾಂಗ ಕಡಿಮಿ. ರಸ್ತಿ ನಿಮ್ಮ ಲೈನಿನ ಮ್ಯಾಲೇ ಬರತೇತಿ!"

ಹಟ್ಟಿಯೇ ಹೊಸ್ತಿಲ ಮುಂದೆ ನೆರೆಯಿತು. ಧರೆಪ್ಪನ ಕುರುಡುಗಣ್ಣಲ್ಲಿ ನೀರು.

"ತುಂಡ ತುಂಡ ಓದ್ರಿ ಸಾಹೇಬ್ರ. ನನ್ನ ಲೈನ ಒಮ್ಮಿ ಕೇಳ್ತೇನಿ."

"ದೊಡ್ಡ ರಸ್ತಿಯಿಂದ ಬೇವಿನ ಗಿಡ, ಮೂವತ್ತಮೂರೂವರಿ ಫರ್ಲಾಂಗ. ಬೇವಿನಿಂದ ಸೇತುವಿ, ಹತ್ತು. ಸೇತುವಿಯಿಂದ ಕೊರಕಲು, ಒಂಬತ್ತು. ಕೊರಕಲಿನಿಂದ ಗಣಿ, ಹನ್ನೊಂದು."

ಧರೆಪ್ಪನ ಬೆರಳು ನೂಲಿನ ಮೇಲೆ ಒಂದು ಕ್ಷಣ ನಿಂತಿತು. ಮತ್ತೆ ಸರಿಯಿತು.

ತಂಗೆವ್ವ ಮನಸ್ಸಿನಲ್ಲೇ ಮತ್ತೊಮ್ಮೆ ಎಣಿಸಿದಳು.

ಬೇವಿನಿಂದ ಸೇತುವೆಗೆ ಹತ್ತು... ಸೇತುವೆಯಿಂದ ಕೊರಕಲಿಗೆ ಒಂಬತ್ತು?

ಅವಳ ನೂಲು ಹಾಗೆ ಹೇಳುತ್ತಿರಲಿಲ್ಲ. ಬೇವಿನಿಂದ ಸೇತುವೆಗೆ ಹದಿನೆಂಟು ಮಾರು ನೂಲು. ಸೇತುವೆಯಿಂದ ಕೊರಕಲಿಗೂ ಹದಿನೆಂಟು ಮಾರು. ದಿನವೂ!

ಒಂದು ಫರ್ಲಾಂಗು ಎಲ್ಲೋ ಬಿಟ್ಟುಹೋಗಿತ್ತು. ಅದನ್ನು ಸೇರಿಸಿದರೆ ಎಂಟು ಮೈಲಿ ಅರ್ಧ ಫರ್ಲಾಂಗು. ರಸ್ತೆ ಗುಡ್ಡದ ಆ ಬದಿಗೆ.

ಸುತ್ತ ಜನ ನಗುತ್ತಿದ್ದರು. ಅಪ್ಪ ನಗುತ್ತಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು... ಯಾರಿಗೂ ಗೊತ್ತಾಗುತ್ತಿರಲಿಲ್ಲ.

'ನೂಲು ಎಲ್ಲರ ಸರಪಳೀಗೆ ಸಮ ಆಗತೇತೇನು? ಸುಮ್ಮನಿರು ತಂಗೆವ್ವಾ.'

ಆದರೆ ಕಣ್ಣೆದುರಿಗೆ ಆ ಕೈಗಳು ಬಂದವು. ಅರ್ಧ ಅಡಿಗಾಗಿ ಮೂರು ಸಲ ಅಳೆದ ಕೈಗಳು. ನಾಳೆ ಬೇರೆ ಯಾರಾದರೂ ಅಳೆದು, ಇವನನ್ನು ಸುಳ್ಳುಗಾರ ಎಂದರೆ?

*

ಮಂಗಳವಾರ ಬೆಳಗ್ಗೆ ರೇವಪ್ಪ ಹೊರಟ. ಜಕ್ಕಪ್ಪ ಸರಪಳಿ, ಸಾಮಾನು, ಮುದ್ರೆ ಹಾಕಿದ ವರದಿ ತೆಗೆದುಕೊಂಡು ಸೋಮವಾರವೇ ಬಂಡಿಯಲ್ಲಿ ಹೋಗಿದ್ದ. ಸೇತುವೆಯ ಮೇಲೆ ತಂಗೆವ್ವ ಕಾದಿದ್ದಳು. ಕುರಿ ಹಳ್ಳದಲ್ಲಿ ನೀರು ಕುಡಿಯುತ್ತಿದ್ದವು.

"ಸಾಹೇಬ್ರ... ಒಂದ ಮಾತು ಹೇಳಲೇನ್ರೀ? ಸಿಟ್ಟಿಗೇಳಬ್ಯಾಡ್ರಿ."

"ನೀವು ನನಗ ಸಿಟ್ಟಿಗೇಳಬ್ಯಾಡ ಅನ್ನೂದು ಹೊಸಾದು. ಹೇಳ್ರಿ." ಅವನು ನಕ್ಕ.

ಅವಳು ನಗಲಿಲ್ಲ. ನಾಲ್ಕು ನೂಲುಂಡೆಗಳನ್ನು ಸೆರಗಿನಿಂದ ತೆಗೆದು ಸೇತುವೆಯ ಕಟ್ಟೆಯ ಮೇಲಿಟ್ಟಳು.

"ಸೇತುವಿಯಿಂದ ಕೊರಕಲಿಗೆ ಒಂಬತ್ತ ಫರ್ಲಾಂಗ ಅಲ್ರೀ. ಹತ್ತು. ಎಣಿಸಿ ನೋಡ್ರಿ."

"ನಡದು ನೂತ ನೂಲು... ಒಮ್ಮಿ ಜೋರ್ ನಡಿತೀವಿ, ಒಮ್ಮಿ ಸಾವಕಾಶ..."

"ಬ್ಯಾರೆ ದಾರ್‍ಯಾಗ ಹಂಗ. ಇದು ಗಾಡಿ ಇಳದ ದಾರಿರೀ. ಎಲ್ಲೂ ಏರಿಲ್ಲ, ಎಲ್ಲೂ ತಗ್ಗಿಲ್ಲ. ಮನಿಗೆ ಹೊಳ್ಳಿದ ಕುರಿ ಮೇಯೂದಿಲ್ಲ. ಇಲ್ಲಿ ನನ್ನ ಹೆಜ್ಜಿ ದಿನಾ ಒಂದೇ ಸಮ!"

ರೇವಪ್ಪ ಒಂದು ಉಂಡೆ ಎತ್ತಿಕೊಂಡ.

ಬೇರೆ ಯಾವ ಸರ್ವೆಯವನಾಗಿದ್ದರೂ ನಕ್ಕು ನಡೆದುಬಿಡುತ್ತಿದ್ದ. ಆದರೆ ಇವನು ಮಗ್ಗದ ಕುಣಿಯ ಪಕ್ಕದಲ್ಲಿ ಬೆಳೆದವನು. ಹೆಬ್ಬೆರಳು ತೋರುಬೆರಳ ನಡುವೆ ನೂಲು ಹಿಡಿದು ಎಳೆದ. ಎಲ್ಲೂ ದಪ್ಪವಿಲ್ಲ, ಎಲ್ಲೂ ಸಣ್ಣದಿಲ್ಲ. ಇಷ್ಟು ಸಮನಾಗಿ ನೂಲುವ ಕೈ ತಾಳ ತಪ್ಪುವುದಿಲ್ಲ ಎಂದು ಅವನ ಬೆರಳಿಗೆ ಗೊತ್ತಿತ್ತು.

ಕೈಚಾಚಿ ಗಂಟಿನಿಂದ ಗಂಟಿಗೆ ಮಾರು ಹಾಕಿದ. ಹದಿನೆಂಟು. ಎರಡನೆಯ ಉಂಡೆ, ಹದಿನೆಂಟು. ಮೂರನೆಯದು, ಹದಿನೆಂಟರ ಮೇಲೆ ಒಂದು ಗೇಣು. ನಾಲ್ಕನೆಯದು, ಹದಿನೆಂಟು.

ಉಂಡೆ ಕೆಳಗಿಟ್ಟ. ಗಡಿಯಾರ ನೋಡಿದ.

"ಈ ನೂಲು ನಾ ಒಯ್ಯಲೇನ್ರೀ?"

ಅವಳು ತಲೆಯಾಡಿಸಿದಳು. ಅವನು ನಾಲ್ಕೂ ಉಂಡೆಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ನಡೆದದ್ದಲ್ಲ... ಬಹುತೇಕ ಓಡಿದ! ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ತಂಗೆವ್ವ ಸೇತುವೆಯ ಮೇಲೆ ಕಲ್ಲಿನಂತೆ ನಿಂತಳು.

'ಕುರಿ ಕಾಯೋಕಿ ನನ್ನ ತಪ್ಪ ಹಿಡದ್ಲು ಅಂತ ಸಿಟ್ಟು ಬಂತೇನೋ... ನೂಲು ಯಾಕ ಒಯ್ದ? ಮುಚ್ಚಿಡಾಕ?'

ಮುಚ್ಚಿಟ್ಟರೆ ಅಪ್ಪನಿಗೆ ರಸ್ತೆ ಉಳಿಯುತ್ತದೆ. ಆದರೆ ತಾನು ಮನಸ್ಸಿನಲ್ಲಿ ಎತ್ತರದಲ್ಲಿ ಕೂಡಿಸಿದ ಆ ಮನುಷ್ಯ ಉಳಿಯುವುದಿಲ್ಲ. ಮುಚ್ಚಿಡದಿದ್ದರೆ ಮನುಷ್ಯ ಉಳಿಯುತ್ತಾನೆ, ರಸ್ತೆ ಹೋಗುತ್ತದೆ.

ಹಟ್ಟಿಯ ದೇವರು ಬೀರಪ್ಪನ ಮುಂದೆ ಏನು ಬೇಡಿಕೊಳ್ಳಬೇಕೆಂದೇ ಅವಳಿಗೆ ತಿಳಿಯಲಿಲ್ಲ...

*

ಹತ್ತು ದಿನಕ್ಕೆ ಲೋಕಾಪುರದ ಸಂತೆಯಿಂದ ಅನಸವ್ವ ಸುದ್ದಿ ತಂದಳು.

"ರಸ್ತಿ ಆ ಬಾಜೂಕ ಹೋತಂತಬೇ. ನಮ್ಮ ಲೈನ್ ಉದ್ದ ಆತಂತ. ಸಾಹೇಬನ ತನ್ನ ಕೈಯಾರೆ ಬರಕೊಟ್ಟಾನಂತ!"

ಹಟ್ಟಿ ಮುನಿಸಿಕೊಂಡಿತು. ಆರು ದಿನ ಉಣಿಸಿದ್ದು ಇದಕ್ಕೇನು ಎಂದರು ಕೆಲವರು. ತಂಗೆವ್ವ ಒಲೆಯ ಮುಂದೆ ಕುಳಿತು ಅಳು ನುಂಗಿದಳು. ಅವನು ಸುಳ್ಳು ಬರೆಯಲಿಲ್ಲ... ಎದೆಯೊಳಗೆ ಹೆಮ್ಮೆ ಉಕ್ಕಿತು. ಆದರೆ ಒಂದು ಮಾತು? ಒಂದು ಸುದ್ದಿ? ಅದೂ ಇಲ್ಲ. ತನ್ನ ಮುಖ ನೋಡುವುದೂ ಅವನಿಗೆ ಬೇಡವಾಯಿತೇನು?

ಅಪ್ಪನ ಕಾಲ ಬಳಿ ಹೋಗಿ ಕುಳಿತಳು.

"ಅಪ್ಪಾ... ಅವರಿಗೆ ಹೇಳಿದಾಕಿ ನಾನು. ರಸ್ತಿ ಹೋದದ್ದು ನನ್ನಿಂದ."

ಧರೆಪ್ಪ ಕೈಯಲ್ಲಿದ್ದ ನೂಲುಂಡೆಯನ್ನು ಕೆಳಗಿಟ್ಟ.

"ನನಗೂ ಗೊತ್ತಾಗಿತ್ತು, ಮಗಳ."

"ಏನು?"

"ಅವರು ಓದೂ ಮುಂದ ನೂಲು ನನ್ನ ಕೈಯಾಗ ಇತ್ತಲ್ಲ. ಗೊತ್ತಾತು. ಬಾಯಿ ಮುಚ್ಚಿಕೊಂಡೆ. ಅಷ್ಟ ಆಸೆ ಆಗಿತ್ತು." ಅವನ ಕೈ ಅವಳ ತಲೆ ಹುಡುಕಿತು. "ಹನ್ನೊಂದ ವರ್ಷ ಬ್ರೇಕ್ ಹಿಡದಂವ ನಾನು. ಆವತ್ತ ಹಿಡದಾಕಿ ನೀನು. ಛಲೋ ಮಾಡಿದಿ."

ಆಗ ಮಾತ್ರ ತಂಗೆವ್ವ ಗಟ್ಟಿಯಾಗಿ ಅತ್ತಳು.

*

ಇಪ್ಪತ್ತಮೂರನೆಯ ದಿನ. ಸಂಕ್ರಾಂತಿಯ ಹಿಂದಿನ ಬೆಳಗು. ತಂಗೆವ್ವ ಕುರಿ ಹೊಡೆದುಕೊಂಡು ಕೊರಕಲಿನಿಂದ ಹೊರಬಂದಳು.

ಎದುರಿಗೆ ಮೂರು ಕಾಲಿನ ಮೇಲೆ ಒಂದು ಹಿತ್ತಾಳೆಯ ದುರ್ಬೀನು. ಅದರ ಹಿಂದೆ ಬಗ್ಗಿದ್ದ ಮನುಷ್ಯ ತಲೆಯೆತ್ತಿದ. ಗಡ್ಡ ಬೆಳೆದಿತ್ತು. ಅಂಗಿ ಮುಳ್ಳಿಗೆ ಹರಿದಿತ್ತು.

ರೇವಪ್ಪ!

"ಈ ಸಲ ಸರಪಳಿ ಹಾಸಿಲ್ರೀ," ಎಂದ.

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಸಿಟ್ಟು ಬಂತು.

"ನನ್ನ ನೂಲ ಕೊಡ್ರಿ!"

"ಕೊಡೂದಿಲ್ಲ."

"ಕೊಡೂದಿಲ್ಲ? ಒಂದ ಮಾತು ಆಡದ ಓಡಿ ಹೋದವರು... ನಾ ಏನಂತ ತಿಳೀಬೇಕಿತ್ರೀ?"

"ವರದಿ ಜಕ್ಕಪ್ಪನ ಕೈಯಾಗ ಇತ್ತು. ಅಂವಾ ರಾತ್ರಿ ಲೋಕಾಪುರದಾಗ ಉಳದಿದ್ದ, ಮಧ್ಯಾಹ್ನದ ಬಸ್ಸಿಗೆ ಹತ್ತೂದ್ರಾಗ ಹಿಡೀಬೇಕಿತ್ತು. ಓಡಿದೆ. ಬಸ್ ಹೋಗಿತ್ತು. ಮರುದಿನ ಜಮಖಂಡಿಗೆ ಹೋಗಿ ಸಾಹೇಬರ ಮುಂದ ನಿಂತು ತಪ್ಪ ಒಪ್ಪಿಕೊಂಡೆ. ಹೊಳ್ಳಿ ಬಂದು, ಕುರಿ ಇಳಿಯೂದಕ್ಕಿಂತ ಮೊದಲ, ಆ ಕಡಿಯಿಂದ ಸರಪಳಿ ಹಿಡದೆ. ಸೇತುವಿಯಿಂದ ಕೊರಕಲು, ಹತ್ತ ಫರ್ಲಾಂಗ. ನಿಮ್ಮ ನೂಲು ಹೇಳಿದ್ದ ಖರೆ."

"ಇಲ್ಲೀತನಕ ಬಂದವರು ಹಟ್ಟಿಗ್ಯಾಕ ಬರಲಿಲ್ಲ?"

"ಯಾವ ಸುದ್ದಿ ತರಲಿ? ನಿಮ್ಮಪ್ಪಗ ರಸ್ತಿ ಇಲ್ಲ ಅಂತ?" ಅವನ ದನಿ ತಗ್ಗಿತು. "ಆ ಮಾರಿ ನೋಡೂ ಧೈರ್ಯ ನನಗ ಆಗಲಿಲ್ರೀ."

ತಂಗೆವ್ವನ ಸಿಟ್ಟು ಅಲ್ಲೇ ಕರಗತೊಡಗಿತು.

"ಮತ್ತ ಈಗ ಇದೇನು?"

ಅವನ ಕಣ್ಣು ಮಿನುಗಿದವು.

"ನೀವು ಸೇತುವಿ ಮ್ಯಾಲ ಒಂದ ಮಾತು ಅಂದ್ರಿ. ಇಲ್ಲಿ ನನ್ನ ಹೆಜ್ಜಿ ಒಂದೇ ಸಮ ಅಂತ. ಬಸ್ಸಿನಾಗ ಕುಂತಾಗ ಅದ ತಲಿಯಾಗ ಹೊಕ್ಕಿತು. ಕುರಿ ಹೆಜ್ಜಿ ಸಮ ಇದ್ರ ಮೋಟಾರಿನ ಗಾಲೀನೂ ಸಮ! ಬಂಡಿದಾರಿಗೆ ಎರಡು ಕಡ ಹನ್ನೆರಡ ಅಡಿಗೆ ಒಂದ ಅಡಿ ಏರು. ಇಲ್ಲಿ ನೂರ ಅಡಿಗೆ ಒಂದ ಅಡಿಕಿಂತ ಹೆಚ್ಚು ಎಲ್ಲೂ ಇಲ್ಲ. ಅಲ್ಲಿ ಹಳ್ಳಕ್ಕ ಹೊಸಾ ಸೇತುವಿ ಬೇಕು. ಇಲ್ಲಿ ನಿಮ್ಮಪ್ಪನ ಸೇತುವಿ ನಿಂತೈತಿ. ಕಚೇರಿ ಉದ್ದ ಅಷ್ಟ ಕೇಳಿತ್ತು, ಉದ್ದ ಅಷ್ಟ ಕೊಟ್ಟಿದ್ದೆ. ಈಗ ಪರವಾನಗಿ ತಗೊಂಡು ಏರು-ಇಳುವು ಅಳ್ಯಾಕತ್ತೇನಿ. ದೊಡ್ಡ ರಸ್ತಿಯಿಂದ ಹಿಡದು ಇಲ್ಲಿಗೆ ಮುಟ್ಟಾಕ ಆರು ದಿನ ಆತು."

ಆರು ದಿನ! ತಂಗೆವ್ವ ಆ ಹರಿದ ಅಂಗಿ ನೋಡಿದಳು, ಮುಳ್ಳು ಗೀರಿದ ಕೈ ನೋಡಿದಳು. ತಪ್ಪು ಮಾಡಿದೆ ಎಂದು ಹೇಳಿಕೊಂಡವನು. ಹೇಳಿಕೊಂಡು ಕೈಕಟ್ಟಿ ಕೂಡದವನು.

"ಹಟ್ಟಿಗೆ ಬರ್‍ರಿ. ಅಪ್ಪ ನಿಮ್ಮ ದನಿ ಕೇಳಿದ್ರ..."

"ಇಲ್ರೀ. ತೀರ್ಮಾನ ಆಗೂತನಕ ನಿಮ್ಮ ಮನಿ ನೀರೂ ಕುಡ್ಯೂದಿಲ್ಲ. ನಾಳೆ ಯಾರೂ, ಆ ಮನೀಗೆ ಬೇಕಾದಂಗ ಬರದಾನ ಅನಬಾರದು. ಯಾಕಂದ್ರ..." ಅವನು ನಿಲ್ಲಿಸಿದ.

"ಯಾಕಂದ್ರ?"

"ಆಮ್ಯಾಲ ಆ ಮನೀಗೆ ಬಂದು ಒಂದು ಕೇಳೂದೈತಿ."

"ಏನು?"

"ಅಳತಿ ಮುಗಿಯೂದಕ್ಕಿಂತ ಮೊದಲ ನಾ ಲೆಕ್ಕ ಹೇಳೂದಿಲ್ಲ. ಒಮ್ಮಿ ಹೇಳಿ ಕೆಟ್ಟೇನಿ."

ತಂಗೆವ್ವ ಸೆರಗು ಬಾಯಿಗೆ ಒತ್ತಿಕೊಂಡು ಕುರಿಗಳ ಹಿಂದೆ ಸರಸರ ನಡೆದಳು. ಆ ದಿನದ ನೂಲಿನಲ್ಲಿ ಧರೆಪ್ಪನಿಗೆ ಕೊರಕಲಿನ ಬಳಿ ಮೂರರ ಬದಲು ನಾಲ್ಕು ಗಂಟು ಸಿಕ್ಕವು. ಅವನು ಮುಗುಳ್ನಕ್ಕ.

*

೧೯೫೫ರ ಏಪ್ರಿಲ್ ಇಪ್ಪತ್ತೈದು, ಸೋಮವಾರ. ರೇವಪ್ಪ ಬಂದ. ಜೊತೆಗೆ ಅವನ ತಾಯಿ ಸಿದ್ದಕ್ಕ. ಅವಳ ಹೆಗಲ ಮೇಲೆ ಹೊಸ ಕರಿಯ ಕಂಬಳಿ.

ಆದೇಶವನ್ನು ಅವನು ಹೊಸ್ತಿಲ ಮೇಲೆ ಕುಳಿ‌ತೇ ಓದಿದ. ಉದ್ದ ಅರ್ಧ ಫರ್ಲಾಂಗು ಹೆಚ್ಚಿದ್ದರೂ, ಏರು ಕಡಿಮೆ ಇರುವುದರಿಂದಲೂ ಸೇತುವೆ ಸುಸ್ಥಿತಿಯಲ್ಲಿರುವುದರಿಂದಲೂ, ಹಳೆಯ ರೈಲುದಾರಿಯ ಮೇಲೆಯೇ ರಸ್ತೆ.

ಧರೆಪ್ಪ ಎರಡೂ ಕೈಯಿಂದ ಹೊಸ್ತಿಲ ಮರ ಹಿಡಿದುಕೊಂಡ, ಇಳಿಯುವ ಗಾಡಿಯಲ್ಲಿ ಕುಳಿತವನಂತೆ.

ಸಿದ್ದಕ್ಕ ಕಂಬಳಿಯನ್ನು ಅವನ ತೊಡೆಯ ಮೇಲೆ ಹಾಸಿದಳು. "ಅಂಚ ಸವರ್‍ರಿ ಅಣ್ಣಾರ."

ಮುದುಕನ ಬೆರಳಿಗೆ ಗಂಟುಗಳು ತಾಕಿದವು. ಎರಡು... ಒಂದು... ಮೂರು.

"ಬೇವು... ಸೇತುವಿ... ಕೊರಕಲು!"

"ಗಂಟು ಬಿಚ್ಚಿ ನೇಯ್ತಾರ, ಪದ್ಧತಿ. ನನ್ನ ಮಗ ಬಿಚ್ಚಗೊಡಲಿಲ್ಲ. ಇಂಥಾ ನೂಲು ನೂಲೂ ಕೈ ನಮ್ಮ ಮನೀಗೆ ಬೇಕು. ಕೊಡ್ತೀರೇನ್ರೀ?"

"ನನ್ನ ಕೇಳತೀರೇನವ್ವ?" ಧರೆಪ್ಪ ನಕ್ಕ. "ಅಕಿ ಕೈ ಅಕೀದು. ಅಕೀನ್ನ ಕೇಳ್ರಿ."

"ಅಕಿ ಕೊರಕಲಿನ ಕಡೆ ಹೋಗ್ಯಾಳ," ಎಂದಳು ಅನಸವ್ವ. "ಹೋಗೋ ತಮ್ಮಾ. ಈ ಸಲ ಗಿಡ ನೋಡಬ್ಯಾಡ!"

ಬಿಸಿಲು ಇಳಿಮುಖವಾಗಿತ್ತು. ಕೊರಕಲಿನ ಬಾಯಲ್ಲಿ ತಂಗೆವ್ವ ನೂಲುತ್ತ ಬರುತ್ತಿದ್ದಳು. ಅವನನ್ನು ಕಂಡರೂ ನೋಡದವಳಂತೆ ಕದಿರು ತಿರುಗಿಸಿದಳು.

"ನಿಮಗ ಒಂದ ತಪ್ಪೊಪ್ಪಿಗಿ ಹೇಳಬೇಕು," ಎಂದ ರೇವಪ್ಪ.

"ಇನ್ನೂ ಒಂದ ಫರ್ಲಾಂಗ ಬಿಟ್ಟೀರೇನು?"

"ಅದೇ ಫರ್ಲಾಂಗ. ಸರಪಳಿಗೊಂದು ಕಬ್ಬಿಣದ ಮಳಿ ಜಕ್ಕಪ್ಪ ನೆಲಕ್ಕ ಊರತಾನ, ನಾ ಕೀಳತೇನಿ. ಹತ್ತು ಸರಪಳಿ ಆದ ಮ್ಯಾಲ ಹತ್ತೂ ಮಳಿ ನನ್ನ ಕೈಗೆ ಬರತಾವ. ಆಗ ನಾ ಒಂದ ಫರ್ಲಾಂಗ ಬರೀಬೇಕು. ಆವತ್ತ ಹನ್ನೊಂದ ಗಂಟೆ ಹತ್ತ ನಿಮಿಷಕ್ಕ ಮಳಿ ನನ್ನ ಕೈಯಾಗ ಇದ್ದವು. ಬರೀಲಿಲ್ಲ. ಯಾಕಂತ ಕಚೇರ್‍ಯಾಗ ಕೇಳಿದ್ರು. 'ಕುರಿಗಳು ಅಡ್ಡ ಬಂದುದರಿಂದ ಗಮನ ತಪ್ಪಿತು' ಅಂತ ಬರಕೊಟ್ಟೆ."

"ಖರೇನ ಬರದೀರಲ್ಲ."

"ಸುಳ್ಳ. ಐದು ವರ್ಷದ ನೌಕರ್‍ಯಾಗ ನಾ ಬರದ ಒಂದ ಸುಳ್ಳ ಅದು. ಕುರಿ ಏನ ಮಾಡಿದ್ವು, ಪಾಪ..." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಕುರಿ ಹಿಂದ ಬೆಂಕಿಯಂಥಾ ಕಣ್ಣಿನಾಕಿ ಒಬ್ಬಾಕಿ ನಿಂತಿದ್ಲು. ಸಿಟ್ಟಿನಾಗೂ ಅಕಿ ಕದಿರು ನಿಂತಿರಲಿಲ್ಲ. ನಾ ಅದನ್ನ ನೋಡಕೋತ ನಿಂತೆ. ಆ ಫರ್ಲಾಂಗ ಅಲ್ಲೇ ಹೋತು, ತಂಗೆವ್ವಾ."

ಮೊದಲ ಸಲ ಅವನು ಅವಳ ಹೆಸರು ಹಿಡಿದು ಕರೆದಿದ್ದ.

"ಸಾಯೂತನಕ ಅದನ್ನ ನಿನ್ನ ಕೂಡ ನಡದು ತುಂಬಿಕೊಡಬೇಕಂತ ಐತಿ. ಒಪ್ಪಿಗಿ ಐತೇನು?"

ಕೊರಕಲಿನ ಗೋಡೆಯ ಮೇಲೆ ಸಂಜೆಯ ಬೆಳಕು ಕೆಂಪಾಗಿ ಬಿದ್ದಿತ್ತು. ಅವನು ಉತ್ತರಕ್ಕಾಗಿ ಅವಳ ಮುಖ ನೋಡಲಿಲ್ಲ, ಕೈ ನೋಡಿದ.

ಕದಿರು ನಿಂತಿತ್ತು.

"ಎಷ್ಟ ಮಾರ ಆತು, ಸೇತುವಿಯಿಂದ?" ಮೆಲ್ಲಗೆ ಕೇಳಿದ.

ತಂಗೆವ್ವ ಕೈಯಲ್ಲಿದ್ದ ನೂಲನ್ನು ನೋಡಿದಳು... ಅವನನ್ನು ನೋಡಿದಳು.

"ಲೆಕ್ಕ ತಪ್ಪೇತಿ."

"ಯಾಕ?"

ತಗ್ಗಿಸಿದ ಮುಖದೊಳಗೆ ನಗು ತಡೆಯಲಾಗಲಿಲ್ಲ ಅವಳಿಗೆ.

"ಕುರಿ ಅಡ್ಡ ಬಂದ್ವು!"